ಊರಿನ ಬೆಂಕಿ, ಊರಿನ ಹಳ್ಳ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಕಾಲ ಮೀರಿದ ಮೇಲೆ ಎಚ್ಚೆತ್ತವರನ್ನು ಕುರಿತ ಹಾಸ್ಯ ಅದು. ಆದರೆ ಊರಿನ ಆಡಳಿತಕ್ಕೆ ಸಂಬಂಧಿಸಿದ ಒಂದು ಗಂಭೀರವಾದ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಬೆಂಕಿ ಬಿದ್ದ ದಿನ ನೆರೆಹೊರೆಯವರು ಕರೆಯದೆಯೂ ಓಡಿಬರುತ್ತಾರೆ. ಬೆಂಕಿಯಿಲ್ಲದ ದಿನ ಬಾವಿ ತೋಡುವುದಕ್ಕೆ, ಇರುವ ನೀರನ್ನು ಕೆಡದಂತೆ ಕಾಪಾಡುವುದಕ್ಕೆ ಯಾರು ಬರಬೇಕು? ಈ ಪ್ರಶ್ನೆಗೆ ಅಮೆರಿಕದ ಫಿಲಡೆಲ್ಫಿಯ ನಗರದ ಚರಿತ್ರೆ ಕೊಡುವ ಉತ್ತರವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅಷ್ಟು ದೂರದ ಊರನ್ನು ಆರಿಸಿಕೊಳ್ಳಲು ಕಾರಣವಿದೆ. ಒಂದೇ ತಲೆಮಾರಿನ ಜನ ಬೆಂಕಿಯ ವಿಷಯದಲ್ಲಿ ಒಂದು ರೀತಿಯಾಗಿ, ಹಳ್ಳದ ವಿಷಯದಲ್ಲಿ ಮತ್ತೊಂದು ರೀತಿಯಾಗಿ ನಡೆದುಕೊಂಡದ್ದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

1682ರಲ್ಲಿ ವಿಲಿಯಂ ಪೆನ್ ಎಂಬವನು ಡೆಲವೇರ್ ಮತ್ತು ಸ್ಕೂಲ್‌ಕಿಲ್ ನದಿಗಳ ನಡುವೆ ಕಟ್ಟಿಸಿದ ಊರು ಅದು. ಅಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ 1735ರಲ್ಲಿ ತನ್ನ ಪತ್ರಿಕೆಯಲ್ಲಿ ಬೆಂಕಿಯ ಅನಾಹುತಗಳನ್ನು ಕುರಿತು ಎಚ್ಚರಿಕೆಯ ಲೇಖನವೊಂದನ್ನು ಅಚ್ಚುಮಾಡಿದ. ಮರುವರ್ಷದ ಡಿಸೆಂಬರ್ ತಿಂಗಳಲ್ಲಿ ‘ಯೂನಿಯನ್ ಫೈರ್ ಕಂಪನಿ’ ಎಂಬ ಸ್ವಯಂಸೇವಕರ ಸಂಘ ಹುಟ್ಟಿತು. ಅದರ ಸದಸ್ಯರಿಗೆ ಸಂಬಳವಿರಲಿಲ್ಲ. ನೀರಿಗೆ ಚರ್ಮದ ಬಕೆಟ್ಟುಗಳು, ಸಾಮಾನು ಸಾಗಿಸಲು ಚೀಲಗಳು, ಬುಟ್ಟಿಗಳು, ಇವನ್ನು ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಸದಾ ಸಿದ್ಧವಾಗಿ ಇಟ್ಟುಕೊಂಡಿರಬೇಕು. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಮಾತನಾಡಬೇಕು. ತಪ್ಪಿಸಿಕೊಂಡವರು ದಂಡ ತೆರಬೇಕು. ಆ ದಂಡದ ಹಣದಿಂದಲೇ ಏಣಿ, ಕೊಕ್ಕೆ, ನೀರೆರಚುವ ಯಂತ್ರಗಳನ್ನು ಕೊಂಡರು. ಸೇರಬಯಸುವವರು ಹೆಚ್ಚಾದಾಗ, ನೀವೇ ಇನ್ನೊಂದು ಸಂಘ ಕಟ್ಟಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಹೀಗೆ ಸಂಘದ ಮೇಲೆ ಸಂಘ ಬೆಳೆದು ಊರಿಗೆಲ್ಲ ರಕ್ಷಣೆ ದೊರೆಯಿತು.

ಇದೇ ಊರಿನ ನಡುವೆ ಡಾಕ್ ಕ್ರೀಕ್ ಎಂಬ ಹಳ್ಳ ಹರಿದು ಡೆಲವೇರ್ ನದಿಯನ್ನು ಸೇರುತ್ತಿತ್ತು. ಮೊದಮೊದಲು ದೋಣಿಗಳು ಅದರೊಳಕ್ಕೆ ಬಂದು ಸರಕು ಇಳಿಸುತ್ತಿದ್ದವು. ಮುಂದೆ ಅದರ ದಂಡೆಯಲ್ಲಿ ಚರ್ಮ ಹದಗೊಳಿಸುವ ಅಂಗಳಗಳು ಬಂದವು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಕಳೆಯುವುದು, ಬಳಿಕ ಮರದ ತೊಗಟೆಯ ಕಷಾಯದ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಇಡುವುದು, ಇದು ಆ ಕಸಬಿನ ಕ್ರಮ. ಕೂದಲು, ಕೊಂಬು, ತೊಗಟೆಯ ಚರಟ, ಕೊಳೆತ ನೀರು ಎಲ್ಲವೂ ಹಳ್ಳದ ಪಾಲಾದವು. 1739ರಲ್ಲಿ ಫ್ರಾಂಕ್ಲಿನ್ ಮತ್ತು ಅವನ ನೆರೆಯವರು ಈ ಅಂಗಳಗಳನ್ನು ಊರ ಹೊರಕ್ಕೆ ಕಳುಹಿಸಬೇಕೆಂದು ಪೆನ್ಸಿಲ್ವೇನಿಯದ ಶಾಸನಸಭೆಗೆ ಮನವಿ ಸಲ್ಲಿಸಿದರು. ಚರ್ಮದ ಕಸಬಿನವರು, ನಾವೇ ಶುಚಿಯ ಕಟ್ಟಳೆ ಮಾಡಿಕೊಂಡು ನಡೆಯುತ್ತೇವೆ ಎಂದು ಉತ್ತರ ಕೊಟ್ಟರು. ತೊಟ್ಟಿಗಳು ಇದ್ದಲ್ಲಿಯೇ ಉಳಿದವು. ದಶಕಗಳು ಕಳೆದವು. ಕೊನೆಗೆ ಆದದ್ದಾದರೂ ಏನು? ಹಳ್ಳವನ್ನು ಶುದ್ಧಿ ಮಾಡಲಿಲ್ಲ. 1760ರ ದಶಕದಿಂದ ತುಂಡುತುಂಡಾಗಿ ಮುಚ್ಚುತ್ತ ಬಂದು, 1784ರ ಹೊತ್ತಿಗೆ ಅದನ್ನು ಕಣ್ಣಿಗೆ ಕಾಣದಂತೆ ಮಾಡಿದರು. ಚದುರಂಗದ ಮಣೆಯಂತೆ ನೇರವಾದ ಬೀದಿಗಳಿರುವ ಆ ನಗರದಲ್ಲಿ ಡಾಕ್ ಸ್ಟ್ರೀಟ್ ಎಂಬ ಬೀದಿಯೊಂದು ಮಾತ್ರ ಇಂದಿಗೂ ಬಳುಕಿಕೊಂಡು ಹೋಗುತ್ತದೆ. ಅದು ಆ ಹಳ್ಳದ ಹಾದಿ.

ಬೆಂಕಿಗೆ ಎರಡು ವರ್ಷದೊಳಗೆ ಸಿಕ್ಕ ಉತ್ತರ ಹಳ್ಳಕ್ಕೆ ನಲವತ್ತೈದು ವರ್ಷವಾದರೂ ಸಿಗಲಿಲ್ಲವೇಕೆ? ಜನ ಬೇರೆಯವರಲ್ಲ. ಕಸಬಿನವರು ದುಷ್ಟರೂ ಅಲ್ಲ. ಪಾದರಕ್ಷೆಗೆ, ಕುದುರೆಯ ಜೀನಿಗೆ, ಬೆಂಕಿಯ ಬಕೆಟ್ಟಿಗೂ ಊರಿಗೆ ಚರ್ಮ ಬೇಕಿತ್ತು. ನನಗೆ ತೋರುವ ಕಾರಣಗಳು ಎರಡು. ಬೆಂಕಿಯ ಮುಂದೆ ಎಲ್ಲರ ಹಿತವೂ ಒಂದೇ; ಇಂದು ಅವನ ಮನೆ, ನಾಳೆ ನನ್ನದು. ಹಳ್ಳದಲ್ಲಿ ಹಾಗಲ್ಲ. ಲಾಭ ಮೇಲಿನ ದಂಡೆಯ ಕೆಲವರಿಗೆ, ನಷ್ಟ ಕೆಳಗಿನ ಹಲವರಿಗೆ. ಇಂಥಲ್ಲಿ ಸ್ನೇಹದಿಂದ ಒಗ್ಗಟ್ಟು ಹುಟ್ಟುವುದಿಲ್ಲ. ಯಾರಾದರೂ ಒಬ್ಬರಿಗೆ ‘ಕೂಡದು’ ಎಂದು ಹೇಳಲೇಬೇಕಾಗುತ್ತದೆ. ಎರಡನೆಯದಾಗಿ, ಬೆಂಕಿ ಒಂದು ರಾತ್ರಿಯಲ್ಲಿ ಮುಗಿಯುತ್ತದೆ, ಕೊಳೆ ದಿನವೂ ಬರುತ್ತದೆ. ದಿನವೂ ಮಾಡಬೇಕಾದ ಕೆಲಸವನ್ನು ಉತ್ಸಾಹದ ಬಲದಿಂದ ನಡೆಸಲಾಗದು. ಅದಕ್ಕೆ ಕಾನೂನು ಬೇಕು, ತೆರಿಗೆ ಬೇಕು, ಸಂಬಳದ ನೌಕರ ಬೇಕು.

ಸ್ವಯಂಸೇವೆಯ ಎತ್ತರವೂ ಅದರ ಮಿತಿಯೂ ಒಟ್ಟಿಗೆ ಕಾಣಿಸಿದ್ದು 1793ರಲ್ಲಿ. ಆ ವರ್ಷ ನಗರಕ್ಕೆ ಹಳದಿ ಜ್ವರ ಬಂದಿತು. ಸುಮಾರು 50,000 ಜನರಿದ್ದ ಊರಿನಲ್ಲಿ 5,000ದಷ್ಟು ಮಂದಿ ಸತ್ತರು. ದೊಡ್ಡವರೂ ಅಧಿಕಾರಿಗಳೂ ಊರು ಬಿಟ್ಟರು. ಮೇಯರ್ ಮ್ಯಾಥ್ಯೂ ಕ್ಲಾರ್ಕ್‌ಸನ್ ಮಾತ್ರ ಅಲ್ಲಿಯೇ ನಿಂತು, ಮುಂದೆ ಬಂದ ನಾಗರಿಕರ ಸಮಿತಿಯೊಂದನ್ನು ಕೂಡಿಸಿಕೊಂಡು ಆಡಳಿತ ನಡೆಸಿದ. ಸ್ಟೀಫನ್ ಜಿರಾರ್ಡ್ ಎಂಬ ವರ್ತಕ ಜ್ವರದ ಆಸ್ಪತ್ರೆಯ ಹೊಣೆ ಹೊತ್ತ. ಆಬ್ಸಲಮ್ ಜೋನ್ಸ್, ರಿಚರ್ಡ್ ಆಲನ್ ಎಂಬ ಕರಿಯ ಮುಖಂಡರು ತಮ್ಮ ಜನರನ್ನು ಕರೆತಂದು ರೋಗಿಗಳ ಶುಶ್ರೂಷೆ ಮಾಡಿದರು, ಹೆಣಗಳನ್ನು ಹೂಳಿದರು. ಅವರ ಜನರಲ್ಲಿಯೂ ಅನೇಕರು ತೀರಿಕೊಂಡರು. ಜ್ವರ ಇಳಿದ ಮೇಲೆ ಅವರಿಗೆ ಸಂದದ್ದು ಅಪವಾದ. ಸುಲಿಗೆ ಮಾಡಿದರೆಂಬ ಆ ಮಾತನ್ನು ಅಲ್ಲಗಳೆಯಲು 1794ರಲ್ಲಿ ಅವರೇ ಒಂದು ಪುಸ್ತಿಕೆಯನ್ನು ಪ್ರಕಟಿಸಬೇಕಾಯಿತು. ಇವರೆಲ್ಲ ಮಾಡಿದ್ದು ಸಾಮಾನ್ಯ ಕಾರ್ಯವಲ್ಲ. ಆದರೂ ಮುಂದಿನ ಜ್ವರವನ್ನು ತಡೆಯುವುದು ಅವರ ಕೈಯಲ್ಲಿರಲಿಲ್ಲ; ಅದು ಮತ್ತೆ ಮತ್ತೆ ಬಂದಿತು.

ಆಗ ನಗರಸಭೆ ಎಚ್ಚೆತ್ತುಕೊಂಡಿತು. ಕೊಳೆಯ ದುರ್ಗಂಧವೇ ಜ್ವರಕ್ಕೆ ಕಾರಣವೆಂದು ಬಹುಮಂದಿ ನಂಬಿದ್ದ ಕಾಲ ಅದು. ಸೊಳ್ಳೆಯಿಂದ ಹರಡುತ್ತದೆಂಬುದು ವಾಲ್ಟರ್ ರೀಡ್ ಮತ್ತು ಸಂಗಡಿಗರ ಪ್ರಯೋಗಗಳಿಂದ ಸ್ಥಿರಪಟ್ಟದ್ದು 1900ರಲ್ಲಿ. ಊಹೆ ತಪ್ಪಾಗಿದ್ದರೂ ನಿರ್ಧಾರ ಸರಿಯಾಗಿತ್ತು. ಬೀದಿ ತೊಳೆಯಲು, ಕುಡಿಯಲು ಶುದ್ಧವಾದ ನೀರನ್ನು ತರಬೇಕು ಎಂದು ಸಭೆ ತೀರ್ಮಾನಿಸಿತು. ಸಾಲ ಎತ್ತಿ, ತೆರಿಗೆ ಹಾಕಿ, ಬೆಂಜಮಿನ್ ಲಟ್ರೋಬ್ ಎಂಬ ಎಂಜಿನಿಯರನ ಯೋಜನೆಯಂತೆ ಉಗಿಯಂತ್ರಗಳಿಂದ ಸ್ಕೂಲ್‌ಕಿಲ್ ನದಿಯ ನೀರನ್ನೆತ್ತಿ, 1801ರ ಜನವರಿಯಲ್ಲಿ ಮರದ ಕೊಳವೆಗಳ ಮೂಲಕ ಬೀದಿಗಳಿಗೆ ಹರಿಸಿತು. ಇದರಿಂದ ದೊರೆತ ಇನ್ನೊಂದು ಫಲವನ್ನು ಗಮನಿಸಿರಿ. ಬೀದಿಯ ಕೊಳವೆಯಲ್ಲಿ ನೀರು ಬಂದೊಡನೆ ಸ್ವಯಂಸೇವಕರು ಬಕೆಟ್ಟಿನ ಸಾಲನ್ನು ಬಿಟ್ಟು, ನಲ್ಲಿಗೆ ನೀಳವಾದ ಚರ್ಮದ ಕೊಳವೆ ಜೋಡಿಸತೊಡಗಿದರು. 1803ರಲ್ಲಿ ಅದಕ್ಕೆಂದೇ ಒಂದು ಸಂಘ ಹುಟ್ಟಿತು. ಸಭೆಯ ನಿರ್ಧಾರ ಸೇವಕರ ಕೈಯನ್ನು ಬಲಪಡಿಸಿತು. ಅವರ ಸ್ಥಾನವನ್ನು ಕಸಿಯಲಿಲ್ಲ.

ಹಾಗೆಂದು ಯಾವುದೊಂದೂ ಶಾಶ್ವತವಾಗಿ ನೆಟ್ಟಗಿರಲಿಲ್ಲ. ಸಂಘಗಳು ಪೈಪೋಟಿಗಿಳಿದು, ಬೆಂಕಿಯ ಬದಲು ಒಬ್ಬರೊಡನೊಬ್ಬರು ಬೀದಿಯಲ್ಲಿ ಹೊಡೆದಾಡಿದ ಕಾಲವೂ ಬಂದಿತು. 1871ರಲ್ಲಿ ನಗರವು ಸಂಬಳದ ಅಗ್ನಿಶಾಮಕ ದಳವನ್ನು ಸ್ಥಾಪಿಸಿತು. ಇತ್ತ ನಗರಸಭೆ 1844ರಲ್ಲಿ ನೀರಿನ ರಕ್ಷಣೆಗಾಗಿ ನದಿದಂಡೆಯ ಎಸ್ಟೇಟೊಂದನ್ನು ಕೊಂಡಿತಾದರೂ, ಮೇಲಿನ ಊರುಗಳ, ಗಿರಣಿಗಳ ಕೊಳೆಯನ್ನು ತಡೆಯಲಾರದೆ ಹೋಯಿತು. ನೀರಿನೊಡನೆ ಟೈಫಾಯಿಡ್ ಬಂದಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಶೋಧಕಗಳು ಬಂದಮೇಲೆಯೇ ಆ ಪೀಡೆ ತಗ್ಗಿತು. ನದಿ ಒಂದು ಊರಿನ ಗಡಿಯನ್ನು ಲೆಕ್ಕಿಸುವುದಿಲ್ಲ. ಒಂದು ಊರಿನ ನಿರ್ಧಾರ ನದಿಗೆ ಸಾಲುವುದೂ ಇಲ್ಲ.

ನಮ್ಮ ದೇಶದಲ್ಲಿ 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯನ್ನು ಕೊಟ್ಟಿದೆ. ಅದರಲ್ಲಿ ನೀರು ಸರಬರಾಜು, ನೈರ್ಮಲ್ಯ, ಅಗ್ನಿಶಾಮಕ ಸೇವೆ ಒಂದರ ಪಕ್ಕದಲ್ಲಿ ಒಂದಾಗಿ ನಿಂತಿವೆ. ಪಟ್ಟಿಯಲ್ಲಿರುವುದು ಬೇರೆ, ಕೈಯಲ್ಲಿರುವುದು ಬೇರೆ ಎಂಬುದು ನಿಜ. ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆಯನ್ನು ರಾಜ್ಯ ಸರ್ಕಾರವೇ ನಡೆಸುತ್ತದೆ. ಚರಂಡಿಯ ನೀರು ಎಲ್ಲಿಗೆ ಹೋಗಬೇಕೆಂಬುದಾದರೋ ದಿನಬೆಳಗಾದರೆ ನಗರಸಭೆಯ ಬಾಗಿಲಿಗೇ ಬಂದು ನಿಲ್ಲುವ ಪ್ರಶ್ನೆ.

ಭಾನುವಾರ ಬೆಳಗ್ಗೆ ಹೊಳೆಗಿಳಿದು ಕಸ ಎತ್ತುವ ತರುಣರನ್ನು ಕಂಡಾಗ ನನಗೆ ಸಂತೋಷವಾಗುತ್ತದೆ. ಅವರನ್ನು ಹೊಗಳುವುದು ಸುಲಭ. ಆದರೆ ಸೋಮವಾರ ಅದೇ ಹೊಳೆಗೆ ಊರಿನ ಚರಂಡಿ ಬಂದು ಬೀಳುವುದಾದರೆ, ನಮ್ಮ ಹೊಗಳಿಕೆ ಅವರ ಬೆವರಿಗೆ ಮಾಡಿದ ಅಪಮಾನವಾಗುತ್ತದೆ. ಅವರ ಶ್ರಮಕ್ಕೆ ತಕ್ಕ ಗೌರವ ಹಾರದಲ್ಲಿಲ್ಲ; ನಗರಸಭೆಯ ಆಯವ್ಯಯದಲ್ಲಿ ಚರಂಡಿ ನೀರಿನ ಶುದ್ಧೀಕರಣಕ್ಕೆಂದು ಬರೆದಿಟ್ಟ, ಬರೆದಂತೆ ಖರ್ಚುಮಾಡಿದ ಮೊತ್ತದಲ್ಲಿ ಇದೆ. ಮುಂದಿನ ಸಲ ನಿಮ್ಮ ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ಆ ಒಂದು ಬಾಬ್ತನ್ನು ಕುರಿತು ದಯವಿಟ್ಟು ವಿಚಾರಿಸಿರಿ.