ಮಲೆನಾಡಿನ ಮನೆಗೆ ಡಿಶ್ ಆಂಟೆನಾ: ಮಳೆಗಾಲಕ್ಕೆ ಮುನ್ನ ಆಗಬೇಕಾದ ಕೆಲಸ

ನಮ್ಮ ಸದಸ್ಯ ಬಾಂಧವರ ಎಷ್ಟೋ ಮನೆಗಳ ಮಾಡಿನ ಮೇಲೆ ಹಳೆಯ ಅಲ್ಯೂಮಿನಿಯಂ ಆಂಟೆನಾಗಳು ಇಂದಿಗೂ ಕಡ್ಡಿ ಮುರಿದುಕೊಂಡು ನಿಂತಿವೆ. ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಆರಂಭವಾಯಿತು. ಅಲ್ಲಿಂದೀಚೆಗೆ ಟೆಲಿವಿಷನ್ ಮಲೆನಾಡಿಗೂ ಹಬ್ಬಿದ ವರ್ಷಗಳಲ್ಲಿ, ಅಡಿಕೆ ಮರದ ಕಂಬದ ತುದಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಮೇಲೆ ನಿಂತು ತಿರುಗಿಸುತ್ತಲೂ ಇನ್ನೊಬ್ಬರು ಜಗಲಿಯಿಂದ "ಬಂತು, ಹೋಯ್ತು" ಎಂದು ಕೂಗುತ್ತಲೂ ಚಿತ್ರ ಹಿಡಿಯುತ್ತಿದ್ದುದು ಹಿರಿಯರಿಗೆಲ್ಲ ತಿಳಿದದ್ದೇ. ಆಗ ಎತ್ತರವೇ ಎಲ್ಲವೂ ಆಗಿತ್ತು. ಪ್ರಸಾರದ ಅಲೆಗಳು ದೂರದ ಗೋಪುರದಿಂದ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಬರುತ್ತಿದ್ದುದರಿಂದ, ನಡುವೆ ಒಂದು ಗುಡ್ಡ ಅಡ್ಡವಾದರೂ ಕಣಿವೆಯ ಮನೆಗೆ ಚಿತ್ರ ದಕ್ಕುತ್ತಿರಲಿಲ್ಲ.

ಆ ಕಾಲ ಮುಗಿಯಿತು. ಆಯಕಟ್ಟಿನ ಸ್ಥಳಗಳ ಸುಮಾರು 50 ಪ್ರೇಷಕಗಳನ್ನುಳಿದು ಹಳೆಯ ಪದ್ಧತಿಯ ಎಲ್ಲ ನೆಲಗೋಪುರಗಳನ್ನೂ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿಯು ಪ್ರಕಟಿಸಿತ್ತು. ಗೋಪುರದಿಂದಲೇ ಡಿಜಿಟಲ್ ಪ್ರಸಾರ ಮಾಡುವ ವ್ಯವಸ್ಥೆಯು 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಆರಂಭವಾಯಿತಾದರೂ ನಮ್ಮ ಕಣಿವೆಗಳಿಗೆ ಅದು ನಿಲುಕಲಿಲ್ಲ. ಆದುದರಿಂದ ತಿಂಗಳ ಬಾಡಿಗೆಯಿಲ್ಲದೆ ಟೆಲಿವಿಷನ್ ನೋಡಬೇಕೆನ್ನುವ ಮನೆಗೆ ಇಂದು ಉಳಿದಿರುವ ದಾರಿ, 2004ರ ಡಿಸೆಂಬರಿನಲ್ಲಿ ದೂರದರ್ಶನವು 'ಡಿಡಿ ಡೈರೆಕ್ಟ್ ಪ್ಲಸ್' ಎಂದು ಆರಂಭಿಸಿ, ಈಗ 'ಡಿಡಿ ಫ್ರೀ ಡಿಶ್' ಎಂಬ ಹೆಸರಿನಲ್ಲಿ ನಡೆಸುತ್ತಿರುವ ಉಪಗ್ರಹ ಪ್ರಸಾರ. ಖಾಸಗಿ ಕನ್ನಡ ಚಾನೆಲುಗಳೆಲ್ಲ ಇದರಲ್ಲಿ ಸಿಗುವುದಿಲ್ಲ. ಆದರೆ ಜುಲೈ ತಿಂಗಳಿನಲ್ಲಿ ಧರೆ ಕುಸಿದು ದಾರಿ ಮುಚ್ಚಿ, ಮೊಬೈಲಿನ ಸಂಪರ್ಕವೂ ತಪ್ಪಿದ ದಿನ, ಮಳೆಯ ಮುನ್ಸೂಚನೆಯನ್ನೂ ರಸ್ತೆಯ ಸುದ್ದಿಯನ್ನೂ ಮನೆಗೆ ತಲುಪಿಸಲು ಇಷ್ಟು ಸಾಕು. ತೊಡಕೆಂದರೆ, ಸುದ್ದಿ ಬೇಕಾದ ಅದೇ ದಿನ ಡಿಶ್ ಕೈಕೊಡುವುದು ಹೆಚ್ಚು. ಹಾಗಾಗದಂತೆ ಮಾಡಿಕೊಳ್ಳುವುದು ಹೇಗೆಂಬುದೇ ಈ ಲೇಖನದ ಉದ್ದೇಶ.

ಉಪಗ್ರಹ ಎಲ್ಲಿದೆ?

ಈ ಪ್ರಸಾರವು ಬರುವುದು 2015ರ ನವೆಂಬರ್ 11ರಂದು ಹಾರಿಬಿಟ್ಟ ಜಿಸ್ಯಾಟ್-15 ಉಪಗ್ರಹದಿಂದ. ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ನೆಲೆಸಿದೆ. ಉಡಾವಣೆಯಾದೊಡನೆ ಅದರ ಹತೋಟಿಯನ್ನು ವಹಿಸಿಕೊಂಡದ್ದು ನಮ್ಮ ನೆರೆಯ ಹಾಸನದ ಮುಖ್ಯ ನಿಯಂತ್ರಣ ಕೇಂದ್ರವೆಂಬುದು ಸಂತೋಷದ ಸಂಗತಿ.

ಮಡಿಕೇರಿಯಿಂದ ಶಿರಸಿಯವರೆಗೆ ಎಲ್ಲಿ ನಿಂತು ನೋಡಿದರೂ ಈ ಉಪಗ್ರಹವು ಆಗ್ನೇಯ ದಿಕ್ಕಿನಲ್ಲಿ, ಉತ್ತರದಿಂದ ಬಲಕ್ಕೆ ಅಳೆದರೆ 124ರಿಂದ 127 ಡಿಗ್ರಿಯಲ್ಲಿ ಇರುತ್ತದೆ. ನೆಲದಿಂದ ಅದರ ಎತ್ತರ 62ರಿಂದ 65 ಡಿಗ್ರಿ. ಎಂದರೆ ಅಲೆಗಳು ಗುಡ್ಡದ ನೆತ್ತಿಯ ಮೇಲಿಂದ ಕಡಿದಾಗಿ ಇಳಿಯುತ್ತವೆ. ಗೋಪುರದ ಕಾಲದಲ್ಲಿ ಚಿತ್ರವೇ ಕಾಣದಿದ್ದ ತಗ್ಗಿನ ಮನೆಗೂ ಬೆಟ್ಟದ ಮೇಲಿನ ಬಂಗಲೆಗೂ ಇಲ್ಲಿ ಭೇದವಿಲ್ಲ. ಡಿಶ್ಶನ್ನು ಮಾಡಿನ ಮೇಲೆ ಏರಿಸಿದರೆ ಹೆಚ್ಚಿನ ಪ್ರಯೋಜನವೇನೂ ಇಲ್ಲ. ಅಂಗಳದ ಮೂಲೆಯಲ್ಲಿ, ಕಣದ ಅಂಚಿನಲ್ಲಿ, ಕಾಂಕ್ರೀಟು ಹಾಕಿ ನಿಲ್ಲಿಸಿದರೂ ಚಿತ್ರ ಅಷ್ಟೇ ಚೆನ್ನಾಗಿ ಬರುತ್ತದೆ. ಪಾಚಿ ಕಟ್ಟಿದ ಹೆಂಚಿನ ಮೇಲೆ ಹತ್ತುವ ಅಪಾಯವೂ ತಪ್ಪುತ್ತದೆ, ಹೆಂಚೂ ಉಳಿಯುತ್ತದೆ.

ಮರದ ಮರೆ

ಇಲ್ಲಿ ಅಡ್ಡಿಯಾಗುವುದು ಮರ. ಎಲೆಗಳು, ಅದರಲ್ಲೂ ನೆನೆದ ಎಲೆಗಳು, ಈ ಅಲೆಗಳನ್ನು ಹೀರಿಬಿಡುತ್ತವೆ. ಲೆಕ್ಕ ಸುಲಭ: ಸಮತಟ್ಟಾದ ಜಾಗದಲ್ಲಿ ಆಗ್ನೇಯಕ್ಕಿರುವ ಮರದ ಎತ್ತರದ ಅರ್ಧಕ್ಕಿಂತ ಹೆಚ್ಚು ದೂರದಲ್ಲಿ ಡಿಶ್ ಇರಬೇಕು. 50 ಅಡಿಯ ಅಡಿಕೆ ಮರಕ್ಕೆ 25 ಅಡಿ. ಗಾಳಿಗೆ ತಲೆದೂಗುವುದರಿಂದ 30 ಅಡಿಯೆಂದೇ ಇಟ್ಟುಕೊಳ್ಳುವುದು ಒಳ್ಳೆಯದು. 80 ಅಡಿಯ ಸಿಲ್ವರ್ ಓಕಿಗೆ 40 ಅಡಿಗಿಂತ ಹೆಚ್ಚು. ಓಕು ವರ್ಷವರ್ಷ ಬೆಳೆಯುವ ಮರವಾದ್ದರಿಂದ ಮುಂದಿನ ಐದಾರು ವರ್ಷದ ಬೆಳವಣಿಗೆಯನ್ನೂ ಈಗಲೇ ಎಣಿಸತಕ್ಕದ್ದು.

ಉಪಕರಣವೇ ಇಲ್ಲದೆ ಜಾಗವನ್ನು ಪರೀಕ್ಷಿಸುವ ಇನ್ನೊಂದು ಉಪಾಯವುಂಟು. ಪ್ರತಿ ವರ್ಷ ಮಾರ್ಚ್ 14ರ ಆಸುಪಾಸಿನಲ್ಲಿ ಬೆಳಿಗ್ಗೆ 11 ಗಂಟೆ 10 ನಿಮಿಷದ ಹೊತ್ತಿಗೂ, ಸೆಪ್ಟೆಂಬರ್ 29ರ ಆಸುಪಾಸಿನಲ್ಲಿ 10 ಗಂಟೆ 55 ನಿಮಿಷದ ಹೊತ್ತಿಗೂ ಸೂರ್ಯನು ಹೆಚ್ಚುಕಡಿಮೆ ಈ ಉಪಗ್ರಹದ ನೇರಕ್ಕೇ ಬರುತ್ತಾನೆ. ಆ ಹೊತ್ತಿನಲ್ಲಿ ನೀವು ಆರಿಸಿದ ಜಾಗದಲ್ಲಿ ಪೂರ್ಣ ಬಿಸಿಲಿದ್ದರೆ ಉಪಗ್ರಹಕ್ಕೂ ಅದು ಕಾಣುತ್ತದೆ. ನೆರಳಿದ್ದರೆ ಯಾವ ಕೊಂಬೆಯನ್ನು ಕಡಿಯಬೇಕೆಂಬುದನ್ನು ನೆರಳೇ ತೋರಿಸುತ್ತದೆ. ಮರಗಸಿಯ ಆಳುಗಳು ಬಂದಾಗ ಆ ಕೊಂಬೆಯನ್ನೂ ತೆಗೆಸಬಹುದು. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ತಾನಾಗಿ ಕೆಡುವುದುಂಟು. ಸೂರ್ಯನ ಅಲೆಗಳೂ ಡಿಶ್ಶಿಗೆ ಬೀಳುವುದೇ ಅದಕ್ಕೆ ಕಾರಣ, ಯಾರನ್ನೂ ಕರೆಸಬೇಕಾಗಿಲ್ಲ.

"ಚಿತ್ರ ಬಂತು" ಎಂದರೆ ಸಾಲದು

ಹಳೆಯ ಪ್ರಸಾರದಲ್ಲಿ ಬಲ ಕುಗ್ಗಿದಂತೆಲ್ಲ ಚಿತ್ರದ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ ಬೀಳುತ್ತಿತ್ತು. ಆದರೂ ವಾರ್ತೆ ಕೇಳಿಸುತ್ತಿತ್ತು. ಡಿಜಿಟಲ್ ಪ್ರಸಾರ ಹಾಗಲ್ಲ. ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛವಾಗಿಯೇ ಇದ್ದು, ಅದಕ್ಕಿಂತ ಕೊಂಚ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ಪೂರ್ತಿ ನಿಂತುಹೋಗುತ್ತದೆ. ಹೀಗಾಗಿ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೂರಿಸಿದ ಡಿಶ್ ಸರಿಯಾಗಿದೆಯೋ ಅಂಚಿನಲ್ಲಿದೆಯೋ ಎಂಬುದು ಚಿತ್ರ ನೋಡಿದರೆ ತಿಳಿಯುವುದೇ ಇಲ್ಲ. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಟ್ಟ ಮಳೆಯ ಹನಿಗಳು ಇವನ್ನು ಹೀರಿ ಚದುರಿಸುತ್ತವೆ. ಅಂಚಿನಲ್ಲಿದ್ದ ಡಿಶ್ ಮೊದಲ ಜಡಿಮಳೆಗೇ ಸೋಲುತ್ತದೆ.

ಆದುದರಿಂದ ಕೂರಿಸುವವರು "ಬಂತು" ಎಂದು ಎದ್ದುಹೋಗಲು ಬಿಡಬೇಡಿ. ಸೆಟ್ ಟಾಪ್ ಬಾಕ್ಸಿನಲ್ಲಿ 'ಸ್ಟ್ರೆಂತ್', 'ಕ್ವಾಲಿಟಿ' ಎಂಬ ಎರಡು ಗೀಟುಗಳು ಕಾಣುತ್ತವೆ. ಬೇರೆ ಉಪಗ್ರಹಕ್ಕೆ ಮುಖ ಮಾಡಿದರೂ ಮೊದಲನೆಯದು ಏರಬಹುದು, ನೋಡಬೇಕಾದ್ದು ಎರಡನೆಯದನ್ನು. ಕಂಬವನ್ನು ತೂಕದ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಡಿಶ್ಶನ್ನು ಬೆರಳಗಲದಷ್ಟೇ ಸರಿಸುತ್ತ, ಮೊದಲು ಅತ್ತಿತ್ತ, ಬಳಿಕ ಮೇಲೆ ಕೆಳಗೆ, ಕೊನೆಗೆ ಮುಂದಿನ ಎಲ್‌ಎನ್‌ಬಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಕ್ವಾಲಿಟಿಯು ಅತಿ ಹೆಚ್ಚು ಬಂದಲ್ಲಿ ಬೋಲ್ಟು ಬಿಗಿಯಬೇಕು. ಡಿಶ್ಶಿನ ಮುಖ ಆಕಾಶದ ಅಷ್ಟು ಎತ್ತರಕ್ಕೆ ನೋಡುತ್ತಿಲ್ಲವೆಂದು ಕಂಡರೆ ಗಾಬರಿ ಬೇಡ. ಎಲ್‌ಎನ್‌ಬಿಯು ನಡುವಿನಲ್ಲಿರದೆ ಕೆಳಗಿರುವುದರಿಂದ ಹಾಗೆ ತೋರುತ್ತದೆ.

ಮಳೆ ಹೆಚ್ಚಿರುವ ಕಡೆ 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ಡಿಶ್ ಹಾಕಿಸುವುದು ಲಾಭಕರ. ಅಗಲ ಒಂದೂವರೆ ಪಟ್ಟಾದರೆ ಅಲೆ ಹಿಡಿಯುವ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ದೊಡ್ಡ ಡಿಶ್ ಗಾಳಿಗೂ ಹೆಚ್ಚು ಸಿಕ್ಕುವುದರಿಂದ ಬುಡ ಗಟ್ಟಿಯಾಗಿರಲಿ. ಎಷ್ಟು ಮಾಡಿದರೂ ಬಾನೇ ಬಾಯ್ದೆರೆದ ಹೊತ್ತಿನಲ್ಲಿ ಕೆಲವು ನಿಮಿಷ ಚಿತ್ರ ಹೋಗುವುದುಂಟು. ಮಳೆಯಿಡೀ ಹೋಗಬಾರದು ಅಷ್ಟೆ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಇರುವುದನ್ನೇ ಕೇಳಿ ಪಡೆಯಿರಿ. ಹಳೆಯ ಬಗೆಯವಕ್ಕೆ ಎಲ್ಲ ಚಾನೆಲುಗಳೂ ಸಿಗುವುದಿಲ್ಲ.

ನೀರು, ಸಿಡಿಲು, ವಿದ್ಯುತ್ ತಂತಿ

ಎಲ್‌ಎನ್‌ಬಿಯ ಬಳಿ ಕೇಬಲ್ಲಿನ ಜೋಡಣೆಗೆ ನೀರು ಇಳಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಆರ್‌ಜಿ-6 ಕೇಬಲ್ಲನ್ನು ನಡುವೆ ತುಂಡಿಲ್ಲದಂತೆ ಎಳೆದು, ಜೋಡಣೆಗೆ ರಬ್ಬರ್ ಟೇಪು ಸುತ್ತಿ, ಗೋಡೆಯೊಳಗೆ ಹೋಗುವ ಮುನ್ನ ಕೇಬಲ್ಲನ್ನು ಕೆಳಕ್ಕೆ ಜೋಲುವಂತೆ ಬಾಗಿಸಿದರೆ ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಕಂಬಕ್ಕೆ ಭೂಸಂಪರ್ಕ ಕೊಡಿಸಿ. ಗುಡುಗು ಕೇಳುವ ಮೊದಲೇ, ಮೋಡ ಕವಿದಾಗ, ವಿದ್ಯುತ್ ಪ್ಲಗ್ಗಿನ ಜೊತೆಗೆ ಕೇಬಲ್ಲನ್ನೂ ಬಾಕ್ಸಿನಿಂದ ಕಳಚಿಡಿ. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿಗಳನ್ನು ನಾವೆಲ್ಲ ಕೇಳಿದ್ದೇವೆ. ಆಂಟೆನಾದ ಕಬ್ಬಿಣದ ಕೊಳವೆಯೂ ಅಷ್ಟೇ ಅಪಾಯಕಾರಿ. ಬಳಕೆಯಲ್ಲಿಲ್ಲದ ಹಳೆಯ ಆಂಟೆನಾ ತಂತಿಯ ಹತ್ತಿರ ವಾಲಿಕೊಂಡಿದ್ದರೆ, ಲೈನ್‌ಮನ್ನರಿಗೆ ತಿಳಿಸಿ ವಿದ್ಯುತ್ ನಿಲ್ಲಿಸಿದ ಮೇಲೆಯೇ ಇಳಿಸತಕ್ಕದ್ದು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ನಾವು ಮಳೆ ಹಿಡಿಯುವ ಮುಂಚೆಯೇ ಸಿಂಪಡಿಸುತ್ತೇವೆ. ರೋಗ ಕಂಡ ಮೇಲೆ ಔಷಧಿ ಹುಡುಕಿದರೆ ಗೊನೆ ಉಳಿಯುವುದಿಲ್ಲವೆಂದು ಬಲ್ಲೆವು. ಡಿಶ್ಶಿನ ಕೆಲಸಕ್ಕೂ ಅದೇ ಕಾಲ. ಮೇ ತಿಂಗಳು ಮುಗಿಯುವುದರೊಳಗೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಬೋಲ್ಟು, ಕೇಬಲ್ಲು, ಕೊಂಬೆ, ಕ್ವಾಲಿಟಿಯ ಗೀಟು, ಈ ನಾಲ್ಕನ್ನೂ ನೋಡಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.