ಅಡಿಕೆ ತೋಟದ ಕಳ್ಳ ಈಜುಗಾರ

ಮಕ್ಕಳೇ, ಆಟಿ ತಿಂಗಳ ಮಳೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಜ್ಜಂದಿರ ಕಣ್ಣು ಅಡಿಕೆ ಮರದ ಬುಡದಲ್ಲಿರುತ್ತದೆ. ಎಳೆಕಾಯಿ ಕೊಳೆತು ಉದುರಿದರೆ ಅದು ಕೊಳೆರೋಗ. ವರ್ಷದ ಆದಾಯಕ್ಕೇ ಪೆಟ್ಟು.

ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದಂತಿದ್ದರೂ ಇದು ಪಾಚಿಯ ದೂರದ ನೆಂಟ. ಇದರ ಬೀಜಾಣುಗಳು ಎರಡು ಬಾಲ ಬಡಿಯುತ್ತ ಮಳೆನೀರಿನಲ್ಲಿ ಈಜುತ್ತವೆ!

1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ತಾಮ್ರ ಬೀಜಾಣುವನ್ನು ಮೊಳೆಯಗೊಡದು. ಆದರೆ ಒಳಹೊಕ್ಕ ರೋಗವನ್ನು ಅದು ಗುಣಪಡಿಸದು. ಆದ್ದರಿಂದಲೇ ಮಳೆ ಹಿಡಿಯುವ ಮೊದಲೇ ಮದ್ದು ಬಿಡಬೇಕು. 40–45 ದಿನಕ್ಕೆ ಇನ್ನೊಮ್ಮೆ.

ಮದ್ದು ಬಿಡುವುದು ದೊಡ್ಡವರ ಕೆಲಸ. ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಹಾಕಲು ಅಜ್ಜನಿಗೆ ನೀವೂ ಜೊತೆಯಾಗಿ.