ನಾಲಿಗೆ ಯಾಕೆ ಬೆಳ್ಳಗಾಗುತ್ತೆ?

ಜ್ವರ ಬಂತು ಅಂತ ಆಸ್ಪತ್ರೆಗೆ ಹೋಗುತ್ತೇವೆ. ಡಾಕ್ಟರು ಏನು ಹೇಳುತ್ತಾರೆ? "ಎಲ್ಲಿ, ನಾಲಿಗೆ ಚಾಚಿ" ಅನ್ನುತ್ತಾರೆ. ಯಾಕೆ? ನಾಲಿಗೆ ನೋಡಿದರೆ ಮೈಯ ಸಂಗತಿ ಸ್ವಲ್ಪ ಗೊತ್ತಾಗುತ್ತೆ.

ಕನ್ನಡಿ ಹಿಡಿದು ನೋಡಿಕೊಳ್ಳಿ. ಒಳ್ಳೆಯ ನಾಲಿಗೆ ತಿಳಿಗೆಂಪಾಗಿ, ತೇವವಾಗಿ ಇರುತ್ತೆ. ಅದರ ಮೇಲೆ ಸಣ್ಣ ಸಣ್ಣ ಮೊನೆಗಳಿವೆ. ರಾಗಿ ಪೈರಿನ ಹಾಗೆ ಒತ್ತಾಗಿವೆ. ಇವುಗಳ ಸಂದಿಯಲ್ಲಿ ಊಟದ ಚೂರು, ಸತ್ತ ಪೊರೆ, ಕಣ್ಣಿಗೆ ಕಾಣದ ಕ್ರಿಮಿ ಸೇರುತ್ತವೆ. ಆಗ ನಾಲಿಗೆ ಬೆಳ್ಳಗಾಗುತ್ತೆ. ಬಾಯಿ ವಾಸನೆ ಬರುತ್ತೆ.

ಇದು ಯಾವಾಗ ಹೆಚ್ಚು?

ಜ್ವರ ಬಂದಾಗ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದಾಗ. ಬಾಯಿ ತೆರೆದು ಮಲಗಿದಾಗ. ಬೀಡಿ ಸೇದಿದಾಗ. ಬಾಯಿ ಸರಿಯಾಗಿ ತೊಳೆಯದಿದ್ದಾಗ.

ಇದಕ್ಕೆ ಹೆದರಬೇಕಿಲ್ಲ. ದಿನಕ್ಕೆ 2 ಸಲ ಹಲ್ಲುಜ್ಜಿ. ನಮ್ಮ ಹಿರಿಯರು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ, ಅದೇ ಕಡ್ಡಿ ಸೀಳಿ ನಾಲಿಗೆ ಕೆರೆಯುತ್ತಿದ್ದರು. ಒಳ್ಳೆಯ ಅಭ್ಯಾಸ. ಹಿಂದಿನಿಂದ ಮುಂದಕ್ಕೆ ಮೆತ್ತಗೆ ಎಳೆಯಿರಿ. ರಕ್ತ ಬರುವ ಹಾಗೆ ಕೆರೆಯಬೇಡಿ. ಇಟ್ಟಿಗೆ ಪುಡಿ, ಮರಳು ಬೇಡವೇ ಬೇಡ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ. ನೀರು ಚೆನ್ನಾಗಿ ಕುಡಿಯಿರಿ.

ಮಗುವಿನ ನಾಲಿಗೆ

ಹಾಲು ಕುಡಿಯುವ ಮಗುವಿನ ನಾಲಿಗೆ ಬೆಳ್ಳಗಿರುತ್ತೆ. ಶುದ್ಧ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಹೋದರೆ ಅದು ಬರೀ ಹಾಲು. ಹೋಗದೆ, ಒಡೆದ ಮೊಸರಿನ ಹಾಗೆ ಕೆನ್ನೆಯ ಒಳಗೂ ಅಂಟಿದ್ದರೆ ಅದು ಅಗ್ರ. ಬೂಷ್ಟಿನ ಜಾತಿಯ ಒಂದು ಕ್ರಿಮಿಯಿಂದ ಬರುತ್ತೆ. ಉಜ್ಜಿ ಕೀಳಬೇಡಿ. ಜೇನುತುಪ್ಪ ಸವರಬೇಡಿ. 1 ವರ್ಷ ತುಂಬದ ಮಗುವಿಗೆ ಜೇನು ಅಪಾಯ. ಡಾಕ್ಟರಿಗೆ ತೋರಿಸಿ. ಔಷಧಿಯಿಂದ ವಾಸಿಯಾಗುತ್ತೆ. ಎದೆಹಾಲು ನಿಲ್ಲಿಸಬೇಡಿ.

ದೊಡ್ಡವರಿಗೆ ಅಗ್ರ ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಇದೆಯೋ ಏನೋ, ರಕ್ತ ಪರೀಕ್ಷೆ ಮಾಡಿಸಬೇಕು.

ಹೋಗದ ಬಿಳಿ ಮಚ್ಚೆ

ನಮ್ಮ ಧನಗೆರೆಯಲ್ಲಿ ಸಂಜೆ ಓದಲು ಕೂತಾಗಲೂ ಎಲೆ ಅಡಿಕೆ ಚೀಲ ಬಿಚ್ಚುವವರುಂಟು. ನಾವು ಬೇಡ ಅಂದರೆ, "ಇದಿಲ್ದಿದ್ರೆ ಅಕ್ಷರ ತಲೆಗೆ ಹತ್ತಲ್ಲ ಮೇಷ್ಟ್ರೇ" ಅಂತಾರೆ. ಎಲ್ಲರೂ ನಗುತ್ತೇವೆ. ಆದರೆ ಇದು ನಗುವ ಮಾತಲ್ಲ.

ಹೊಗೆಸೊಪ್ಪು, ಅಡಿಕೆ ಬಾಯಲ್ಲಿಟ್ಟುಕೊಳ್ಳುವವರಿಗೆ ನಾಲಿಗೆಯಲ್ಲೋ ಕೆನ್ನೆಯ ಒಳಗೋ ಬಿಳಿ ಮಚ್ಚೆ ಏಳಬಹುದು. ಒರೆಸಿದರೆ ಹೋಗಲ್ಲ. ನೋವೂ ಇರಲ್ಲ. ನೋವಿಲ್ಲವಲ್ಲ ಅಂತ ಸುಮ್ಮನಿರುತ್ತೇವೆ. ಅದೇ ತಪ್ಪು. ಇಂಥ ಮಚ್ಚೆ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತೆ.

ಮಚ್ಚೆಯಾಗಲಿ ಹುಣ್ಣಾಗಲಿ, 2 ವಾರದಲ್ಲಿ ಹೋಗದಿದ್ದರೆ ಕಾಯಬೇಡಿ. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. 1973ರಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆ ಅದು. ಬೇಗ ತೋರಿಸಿದಷ್ಟೂ ವಾಸಿ ಮಾಡುವುದು ಸುಲಭ. ಹೊಗೆಸೊಪ್ಪನ್ನು ಮಾತ್ರ ಇವತ್ತೇ ಬಿಡಬೇಕು.

ನಾಳೆ ಬೆಳಗ್ಗೆ ಮುಖ ತೊಳೆಯುವಾಗ ನಾಲಿಗೆ ಚಾಚಿ ಕನ್ನಡಿ ನೋಡಿ. ಮನೆಯವರಿಗೂ ನೋಡಿಕೊಳ್ಳಲು ಹೇಳಿ.

ಓದಿ, ಬರೆಯಿರಿ: ನಾಲಿಗೆ, ಕನ್ನಡಿ, ಅಗ್ರ, ಮಚ್ಚೆ, ಹೊಗೆಸೊಪ್ಪು.

ಉತ್ತರ ಹೇಳಿ: ಯಾವ ಬಿಳುಪಿಗೆ ಹೆದರಬೇಕಿಲ್ಲ? ಯಾವುದನ್ನು ಡಾಕ್ಟರಿಗೆ ತೋರಿಸಬೇಕು?